ಪೊಕುವಾ ಮುಟ್ಟಿದ ಬಿಸಿ ಮುಖ

ಕುಮಾಸಿ ಪಟ್ಟಣದ ಆಸ್ಪತ್ರೆಯೊಂದರ ಶವಾಗಾರದಲ್ಲಿ ಸತ್ತವರಿಗೆ ಸಿಂಗಾರ ಮಾಡುವವಳು ಪೊಕುವಾ. ನಮ್ಮಲ್ಲಿ ಸತ್ತವರನ್ನು ಸುಮ್ಮನೆ ಮಣ್ಣು ಮಾಡುವುದುಂಟೇ? ಮದುಮಕ್ಕಳಿಗಿಂತ ಚೆನ್ನಾಗಿ ಅಲಂಕರಿಸಿ, ಹಿತ್ತಾಳೆ ಮಂಚದ ಮೇಲೆ ಮಲಗಿಸಬೇಕು, ಊರೆಲ್ಲ ಬಂದು ನೋಡಬೇಕು. ಆದರೆ ತಣ್ಣನೆಯ ಕೋಣೆಯಿಂದ ಹೊರಗೆ ತಂದ ದೇಹ ಸೆಕೆಗೆ ಬೆವೆತು ಪೌಡರೆಲ್ಲ ಇಳಿದುಹೋಗುತ್ತದೆ. ಅದಕ್ಕೇ ಪೊಕುವಾ ಕೊನೆಗೆ ಒಂದು ಸ್ಪ್ರೇ ಹೊಡೆಯುತ್ತಾಳೆ. ನೋಡಲು ನೀರಿನಂತಿರುವ ಅದು ಆರಿದ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ.

ಅವಳ ಕೆಲಸವನ್ನು ಹೊಗಳದವರಿಲ್ಲ. ಅವಳ ಕೈಯಿಂದ ಒಂದು ಲೋಟ ನೀರು ಕುಡಿಯುವವರೂ ಇಲ್ಲ! ಗಂಡ ಯಾವತ್ತೋ ಬಿಟ್ಟುಹೋದ, ಮಕ್ಕಳಾಗಲಿಲ್ಲ. ಒಡಹುಟ್ಟಿದ ತಂಗಿ ಫೊಫಿಯೆಯ ಮನೆಯಲ್ಲೇ ಎಲ್ಲರೂ ಒಂದೇ ಬಟ್ಟಲಿಗೆ ಕೈ ಹಾಕಿ ಫುಫು ಮುದ್ದೆ ತಿನ್ನುವಾಗ ಇವಳಿಗೆ ಮಾತ್ರ ಬೇರೆ ತಟ್ಟೆ. ಹಾಗಿರುವಾಗ ಫೊಫಿಯೆಯ ಮಗಳು ಬಿರಾಗೊಳ ಮದುವೆಗೆ, ಮನೆಮಂದಿಯೆಲ್ಲ ಹೊಲಿಸಿಕೊಂಡ ಬಟ್ಟೆಯಲ್ಲೇ ಇವಳಿಗೂ ಒಂದು ತುಂಡು ಬಂತು. ಪೊಕುವಾ ಕಣ್ಣೀರು ಹಾಕಿದಳು. ಇನ್ನು ಅವಳಿಗಿದ್ದದ್ದು ಒಂದೇ ಆಸೆ. ಮದುಮಗಳ ಮುಖವನ್ನು ತಾನೇ ಸಿಂಗರಿಸಬೇಕು, ಉಸಿರಾಡುವ ಮುಖವೊಂದನ್ನು ಒಮ್ಮೆಯಾದರೂ ಮುಟ್ಟಬೇಕು. ಆದರೆ ಕೇಳಲು ಬಾಯಿ ಬರಲಿಲ್ಲ.

ಮದುವೆಯ ದಿನ ಬೆಳಿಗ್ಗೆಯೇ ಕರೆಂಟು ಕೈಕೊಟ್ಟಿತು. ಫ್ಯಾನು ನಿಂತು, ಪಾರ್ಲರಿನ ಹುಡುಗಿ ಹಚ್ಚಿದ್ದೆಲ್ಲ ಬೆವರಿನ ಜೊತೆ ಬಿರಾಗೊಳ ಕುತ್ತಿಗೆಗೆ ಇಳಿಯಿತು.

"ದೊಡ್ಡಮ್ಮನ್ನ ಕರೀರಿ," ಎಂದಳು ಬಿರಾಗೊ.

"ತಲೆ ಕೆಟ್ಟಿದ್ಯಾ ನಿಂಗೆ? ಅವಳ ಸ್ಪ್ರೇ ಹೆಣಕ್ಕೆ ಹೊಡೆಯೋದು ಕಣೇ!" ಎಂದು ಫೊಫಿಯೆ ಹೌಹಾರಿದಳು.

"ಹೆಣ ಏನು ಅಂಗಡಿಗೆ ಹೋಗಿ ಕೊಂಡ್ಕೊಳ್ಳತ್ತಾ ಫೊಫಿಯೆ?" ಪೊಕುವಾ ಆಗಲೇ ಸ್ಪ್ರೇ ಹಿಡಿದು ಬಾಗಿಲಲ್ಲಿದ್ದಳು. "ಬದುಕಿರೋರಿಗೆ ಅಂತಲೇ ಮಾಡಿದ್ದು ಇದು. ನೀನು ರೆಪ್ಪೆಗೆ ಹಚ್ಚಿದ್ದೀಯಲ್ಲ, ಆ ಕಪ್ಪಲ್ಲೂ ಇಂಥದ್ದೇ ಇರತ್ತೆ. ಚರ್ಮದ ಮೇಲೆ ಕೂತಿರತ್ತೆ ಅಷ್ಟೆ, ಒಳಗಿಳಿಯಲ್ಲ. ಹೊಡೆಯುವಾಗ ಉಸಿರಲ್ಲಿ ಎಳ್ಕೊಳ್ಳದಿದ್ರೆ ಸಾಕು."

ಬಿರಾಗೊ ಮುಖವೆತ್ತಿ ಕೂತಳು. ಪೊಕುವಾ ಗಲ್ಲ ಹಿಡಿದಳು. ಅಯ್ಯೋ, ಎಷ್ಟು ಬೆಚ್ಚಗಿತ್ತು! ಹುಬ್ಬು ತಿದ್ದಲು ಹೋದರೆ ಹುಬ್ಬು ಕುಣಿಯುತ್ತಿತ್ತು, ತುಟಿಗೆ ಬಣ್ಣ ಹಚ್ಚಲು ಹೋದರೆ ತುಟಿ ನಗುತ್ತಿತ್ತು.

"ಕಚಗುಳಿ ಆಗತ್ತೆ ದೊಡ್ಡಮ್ಮಾ!"

"ಅಲ್ಲಾಡಬೇಡ್ವೇ ಕತ್ತೆ. ಕಣ್ಣು ಮುಚ್ಚು. ಉಸಿರು ಬಿಗಿ ಹಿಡ್ಕೋ."

ಹುಡುಗಿ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತಳು. ಸ್ಪ್ರೇ ಹೊಡೆದದ್ದಾಯಿತು. ಕಣ್ಣು ಮುಚ್ಚಿದ, ಸಿಂಗಾರ ಮುಗಿದ, ನಿಶ್ಚಲವಾದ ಆ ಮುಖವನ್ನು ನೋಡುತ್ತಿದ್ದ ಹಾಗೇ ಇಷ್ಟು ವರ್ಷದ ರೂಢಿ ಪೊಕುವಾಳ ಬಾಯಿಂದ ತಾನಾಗಿ ಹೊರಬಿತ್ತು. ದಿನಾ ಕೆಲಸ ಮುಗಿದ ಮೇಲೆ ಸತ್ತವರಿಗೆ ಹೇಳಿ ಕಳಿಸುವ ಮಾತು ಅದು. ಅವಳ ಮಾತಿಗೆ ಕಿವಿಗೊಡಲು ಬೇರೆ ಯಾರಿದ್ದರು?

"ಆಯ್ತು ನನ್ನಮ್ಮ, ಸುಖವಾಗಿ ಹೋಗು. ಅಲ್ಲಿ ನಮ್ಮಮ್ಮ ಸಿಕ್ಕಿದ್ರೆ ನಾನು ಕೇಳ್ದೆ ಅಂತ ಹೇಳು."

ಪೊಕುವಾಳ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಫೊಫಿಯೆ ಅಕ್ಕನನ್ನು ಪಕ್ಕಕ್ಕೆ ತಳ್ಳಿದಳು. ಬಿರಾಗೊ ಕಣ್ಣು ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಟ್ಟಿಕೊಂಡು ಕಿರುಚುತ್ತಾ ಬಚ್ಚಲಿಗೆ ಓಡಿದಳು. ತಾಯಿ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡಳು.

"ಹೋಗ್ತಿಲ್ಲ ಅಮ್ಮಾ, ಉಜ್ಜಿದ್ರೂ ಹೋಗ್ತಿಲ್ಲ!" ಒಳಗೆ ಹುಡುಗಿ ಅಳುತ್ತಿದ್ದಳು.

ಪೊಕುವಾ ಬಾಗಿಲಿಗೆ ಬಾಯಿ ಹಚ್ಚಿದಳು. "ಬರೀ ನೀರಿಗೆ ಹೋಗಲ್ಲ ಮಗಾ. ಮೊದ್ಲು ಎಣ್ಣೆ ಹಚ್ಕೋ, ಆಮೇಲೆ ಸೋಪು ಹಾಕು. ಕಣ್ಣು ಉಜ್ಜಬೇಡ, ಉರಿಯತ್ತೆ."

ತುಂಬಾ ಹೊತ್ತು ನೀರಿನ ಸದ್ದು ಕೇಳಿತು, ಆಮೇಲೆ ನಿಂತಿತು.

"ಹೋಯ್ತಾ ಮಗಾ?"

"ಪೂರ್ತಿ ಹೋಯ್ತು. ನೀನಿನ್ನು ಮನೆಗೆ ಹೋಗು ದೊಡ್ಡಮ್ಮ."

ಪೊಕುವಾ ಹಿತ್ತಲ ಕಡೆಯಿಂದ ಹೊರಬಿದ್ದಳು. ಅಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಜೊಲೊಫ್ ಅನ್ನ ಬೇಯುತ್ತಿತ್ತು. ಊಟ ಮಾಡಿಕೊಂಡು ಹೋಗು ಎಂದು ಯಾರೂ ಹೇಳಲಿಲ್ಲ.