ನಾಲೆಯಲ್ಲಿ ಸಿಕ್ಕ ಮೂಳೆ

ಬೆಳಗಾಗೆದ್ದು ಪಟ್ಟಲಮ್ಮ ಮೊದಲು ಮಾಡುವ ಕೆಲಸ, ಒಂದು ಚೊಂಬು ನೀರು ತಂದು ಹೊಸಿಲ ಬಲಗಡೆ ಇಡುವುದು. ಜ್ವರ ಬಂದ ದಿನವೂ ಗೋಡೆ ಹಿಡಿದುಕೊಂಡು ಬಂದು ಇಟ್ಟಿದ್ದಾಳೆ. ಗೆಜ್ಜಲಗೆರೆಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುತ್ತಿದ್ದ ಗಂಡ ಕೆಂಪಸಿದ್ದಯ್ಯ ಕಾಲು ತೊಳೆಯದೆ ಒಳಗೆ ಬಂದವನಲ್ಲ. ಏಳು ವರ್ಷದ ಹಿಂದೆ ಅವನ ಮೊಪೆಡ್ಡು ಕೊಪ್ಪದ ಆಚೆ ನಾಲೆ ಏರಿಯ ಮೇಲೆ ಸಿಕ್ಕಿತು. ಒಂದು ಚಪ್ಪಲಿ ಸಿಕ್ಕಿತು. ಅವನು ಸಿಗಲಿಲ್ಲ.

ಅಂದಿನಿಂದ ಮಾರ್ನಮಿ ಹಬ್ಬ ಹತ್ತಿರ ಬಂದರೆ ಅವಳಿಗೆ ಅದೇ ಚಿಂತೆ. ತೀರಿಕೊಂಡ ಹಿರಿಯರಿಗೆಲ್ಲ ಬಾಳೆಲೆ ಹಾಕಿ ಎಡೆ ಇಡುವಾಗ ಅವನಿಗೂ ಒಂದು ಎಲೆ ಹಾಕಬೇಕೋ ಬೇಡವೋ? ಬದುಕಿರುವವನಿಗೆ ಎಡೆ ಇಟ್ಟರೆ ಆಯಸ್ಸು ಕಳೆದ ಪಾಪ. ಸತ್ತಿದ್ದರೆ, ಇಡದೆ ಹೋದದ್ದಕ್ಕೆ ಹಸಿದು ಅಲೆಯುತ್ತಿರುತ್ತಾನೆ.

ಮೂರು ವರ್ಷದ ಹಿಂದೆ ನಾಲೆಗೆ ನೀರು ನಿಲ್ಲಿಸಿ ಹೂಳು ತೆಗೆದಾಗ, ಅದರಲ್ಲಿ ಹುಡುಕುತ್ತಿದ್ದ ಅವಳಿಗೆ ಗೇಣುದ್ದದ ಮೂಳೆಯೊಂದು ಸಿಕ್ಕಿತು. ಮೂಳೆಯನ್ನು ಮನೆಯೊಳಗೆ ತರುವಂತಿಲ್ಲ. ಅವನ ಕೆಂಪು ಟವೆಲಿನಲ್ಲಿ ಸುತ್ತಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದಳು. ಯಾರಾದರೂ ಕಿತ್ತುಕೊಂಡಾರೆಂದು ಯಾರಿಗೂ ತೋರಿಸಲಿಲ್ಲ. ಸೋಮವಾರ ಸೋಮವಾರ ಗಂಧದಕಡ್ಡಿ ಹಚ್ಚಿ, ಮನೆಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು.

ಈ ಸಲ ಮಾರ್ನಮಿಗೆ ಹತ್ತು ದಿನ ಇರುವಾಗ ಒಂದು ಆಟೋ ಮೈಕಿನಲ್ಲಿ ಕೂಗಿಕೊಂಡು ಬಂತು. ಮಂಡ್ಯದಲ್ಲಿ ಡೈನೋಸಾರ್ ಅಸ್ಥಿಪಂಜರಗಳ ಪ್ರದರ್ಶನವಂತೆ. ಕೋಟಿ ವರ್ಷದ ಹಿಂದಿನ ಒಂದೇ ಮೂಳೆ ನೋಡಿ ಅದು ಯಾರದು, ಹೇಗೆ ಸತ್ತಿತು ಎಂದು ಹೇಳುವ ಮ್ಯೂಸಿಯಂನವರು ಬಂದಿದ್ದಾರಂತೆ. ಪಟ್ಟಲಮ್ಮನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಕೋಟಿ ವರ್ಷದ್ದು ಹೇಳುವವರಿಗೆ ಏಳು ವರ್ಷದ್ದು ಯಾವ ಲೆಕ್ಕ?

ಮಂಡ್ಯದ ಬಸ್ಸಿನಲ್ಲಿ ಪಕ್ಕದ ಮನೆಯ ಮಂಗಳಮ್ಮ ಅವಳ ಮಡಿಲ ಗಂಟು ನೋಡಿ, "ಏನಮ್ಮಿ ಅಂಗೆ ತಬ್ಕೊಂಡಿದ್ದೀಯೆ? ತವರಿಗೆ ಬಾಳೆಗೊನೆಯಾ?" ಎಂದಳು.

"ಊಂ ಕಣಮ್ಮಿ, ಒಂದೇ ಚಿಪ್ಪು."

ಪ್ರದರ್ಶನದ ಹಾಲಿನಲ್ಲಿ ಕಬ್ಬಿನ ಲಾರಿಯಷ್ಟೆತ್ತರದ ಅಸ್ಥಿಪಂಜರ ಬಾಯಿ ತೆರೆದು ನಿಂತಿತ್ತು. ಮಕ್ಕಳು ಅದರ ಹಲ್ಲಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಟ್ಟಲಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು.

"ಅಮ್ಮ, ಅದು ದೇವರಲ್ಲ," ಎಂದು ನಕ್ಕಳು, ಬಂದವರಿಗೆ ವಿವರಿಸುತ್ತಿದ್ದ ಮ್ಯೂಸಿಯಂನ ಹುಡುಗಿ ಅರುಂಧತಿ.

"ಸತ್ತಿರೋದಲ್ವವ್ವ? ಇದ್ಕೆ ಎಡೆ ಇಟ್ಟೋರ್ಯಾರು?"

"ನಿಜವಾದ ಮೂಳೆನೂ ಅಲ್ಲಮ್ಮ. ಅಚ್ಚು ಹಾಕಿ ಮಾಡಿದ ಫೈಬರ್ರು."

ಪಟ್ಟಲಮ್ಮನ ಮುಖ ಸಣ್ಣದಾಯಿತು. ಆದರೂ ಬಂದದ್ದಾಗಿದೆ ಎಂದು ಗಂಟು ಬಿಚ್ಚಿದಳು. "ನಾಲೇಲಿ ಸಿಕ್ತು. ನಮ್ಮನೆಯವ್ರದಾ ನೋಡವ್ವ."

ಅರುಂಧತಿಯ ನಗು ನಿಂತಿತು. ಮೂಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ತುದಿ ಸವರಿ ಸವರಿ ನೋಡಿದಳು. ಅಷ್ಟು ಹೊತ್ತೂ ಪಟ್ಟಲಮ್ಮ ಒಳಗೊಳಗೇ ವೈದ್ಯನಾಥೇಶ್ವರನನ್ನು ಕರೆಯುತ್ತಿದ್ದಳು. ಹೌದು ಎನ್ನಲಿ ಎಂದು ಬೇಡುತ್ತಿದ್ದಳೋ, ಅಲ್ಲ ಎನ್ನಲಿ ಎಂದೋ, ಅವಳಿಗೇ ತಿಳಿಯಲಿಲ್ಲ.

"ಇದು ಹಸುವಿನ ಕಾಲಮ್ಮ. ನೋಡಿ, ತುದಿ ಎರಡಾಗಿ ಸೀಳಿದೆ. ಮನುಷ್ಯರಿಗೆ ಹೀಗಿರಲ್ಲ."

ಮೂವತ್ತು ವರ್ಷ ಹಸು ಕಟ್ಟಿದವಳಿಗೆ ಅದು ಗೊತ್ತಿರಲಿಲ್ಲವೆ? ಸಿಕ್ಕಿದ ದಿನವೇ ಅನುಮಾನ ಬಂದಿತ್ತು. ಆ ಅನುಮಾನವನ್ನೂ ಟವೆಲಿನೊಳಗೇ ಸುತ್ತಿಟ್ಟಿದ್ದಳು. ಈಗ ಈ ಮಾರ್ನಮಿಗೂ ಎಲೆ ಹಾಕುವಂತಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಚೊಂಬು ಇಡಬೇಕು. ಸಂಜೆ ಆ ನೀರನ್ನು ದಾಸವಾಳದ ಬುಡಕ್ಕೆ ಸುರಿಯಬೇಕು.

ಅರುಂಧತಿ ಮೆಲ್ಲಗೆ, "ಇದನ್ನ ಇಲ್ಲೇ ಬಿಟ್ಟೋಗಿ ಅಮ್ಮ. ನಾನೇ ಎಲ್ಲಾದರೂ ಮಣ್ಣು ಮಾಡಿಸ್ತೀನಿ. ನಿಮಗ್ಯಾಕೆ ಈ ಭಾರ?" ಎಂದಳು.

ಪಟ್ಟಲಮ್ಮ ಅವಳ ಕೈಯಿಂದ ಮೂಳೆ ತೆಗೆದುಕೊಂಡಳು. ಟವೆಲಿನಲ್ಲಿ ಸುತ್ತಿ ಗಂಟು ಬಿಗಿದಳು.

"ಬ್ಯಾಡ ಬುಡವ್ವ. ಮೂರು ವರ್ಸ ಅವ್ರ ಎಸ್ರಲ್ಲೇ ಮಾತಾಡ್ಸಿವ್ನಿ. ಇದ್ನೂ ಇಲ್ಲೇ ಬುಟ್ಟೋದ್ರೆ, ಸೋಮ್ವಾರ ನಾನು ಯಾರ ಕೂಟೆ ಮಾತಾಡ್ಲಿ?"