ತಮ್ಮನ ತೋಳಿನ ಹಸಿರು ಪಟ್ಟಿ

ನಮ್ಮ ಮನೆಯಲ್ಲಿ ಯಾರಾದರೂ ದೂರ ಹೊರಟರೆ ಬಲತೋಳಿಗೆ ಇಮಾಮ್ ಜಾಮಿನ್ ಕಟ್ಟುತ್ತೇವೆ. ಒಳಗೊಂದು ನಾಣ್ಯವಿಟ್ಟು ಹೊಲಿದ ಹಸಿರು ಬಟ್ಟೆಯ ಪಟ್ಟಿ ಅದು. ದಾರಿಯುದ್ದಕ್ಕೂ ಇಮಾಮರೇ ಜಾಮೀನು ನಿಲ್ಲುತ್ತಾರೆ ಎಂಬ ನಂಬಿಕೆ. ಹೋಗಬೇಕಾದಲ್ಲಿಗೆ ಮುಟ್ಟುವ ತನಕ ಬಿಚ್ಚುವಂತಿಲ್ಲ. 2009ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಂಟನ್ನಿನ ನಮ್ಮ ಮನೆಯಲ್ಲಿ ಕೂತು ನಾನೇ ಒಂದನ್ನು ಹೊಲಿದೆ. ಇರಾನಿನ ಕೋಮ್ ಪಟ್ಟಣದಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ನನ್ನ ತಮ್ಮ ಜೂನ್ ಮಧ್ಯದಲ್ಲಿ ಟೆಹ್ರಾನ್ ಮೇಲೆ ಮಶ್ಹದ್ ಯಾತ್ರೆಗೆ ಹೊರಡುವವನಿದ್ದ.

ಪಕ್ಕದೂರು ಪ್ಲಿಮತ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಇರಾನಿ ಆಂಟಿಯೊಬ್ಬರು ತಾಯಿಯನ್ನು ನೋಡಲು ಟೆಹ್ರಾನಿಗೆ ಹೊರಟಿದ್ದರು. ಪಟ್ಟಿಯಿಟ್ಟು ಅಂಟಿಸಿದ ಕವರನ್ನು ಅವರ ಕೈಗಿಟ್ಟೆ. ಅಲ್ಲಿಂದ ತಮ್ಮನಿಗೆ ಪೋಸ್ಟ್ ಮಾಡಿ, ಅಲ್ಲಿನ ಅಧ್ಯಕ್ಷ ಚುನಾವಣೆಗೆ ವಾರವಿರುವಾಗ ವಾಪಸಾದರು.

ಇರಾನ್ ಎಂದರೆ ನನಗೆ ಚಿಕ್ಕಂದಿನಿಂದ ನಮ್ಮ ಮನೆ ಗೋಡೆಯ ಮೇಲಿದ್ದ, ಪೇಟ ಸುತ್ತಿದ ಗುರುಗಳೊಬ್ಬರ ಫೋಟೋ, ಅಷ್ಟೆ. ವಾಪಸಾದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಆಂಟಿ ಅಲ್ಲಿನ ರಾಜಕೀಯ ಬಿಡಿಸಿ ಹೇಳಿದರು. ಸುಧಾರಣೆ ಬೇಕೆನ್ನುವವರು ಒಂದು ಕಡೆ, ಕ್ರಾಂತಿಯ ಮೂಲತತ್ವ ಸಡಿಲಿಸಬಾರದೆನ್ನುವವರು ಇನ್ನೊಂದು ಕಡೆ, ಹೇಗೋ ವ್ಯವಹಾರ ನಡೆದರೆ ಸಾಕೆನ್ನುವವರು ನಡುವೆ. ಎಲ್ಲ ಬಣದಲ್ಲೂ ಪೇಟ ಸುತ್ತಿದ ಗುರುಗಳಿದ್ದಾರಂತೆ.

"ನಿಮ್ಮೂರಲ್ಲಿ ಒಂದು ಮಸೀದಿಗೆ ಎರಡು ಕಮಿಟಿ ಇರಲ್ವಾ? ಹಾಗೇ" ಎಂದರು ಇಂಗ್ಲಿಷಿನಲ್ಲಿ.

ನಕ್ಕೆ. ನಮ್ಮೂರಲ್ಲಿ ಮೂರಿದ್ದವು.

ಈ ಸಲ ಸುಧಾರಣೆಯವರ ಬಣ್ಣ ಹಸಿರು, ಹುಡುಗರೆಲ್ಲ ಕೈಗೆ ಹಸಿರು ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದಾರೆ ಎಂದೂ ಹೇಳಿದರು. ಚೆಂದವೇ ಅಂದುಕೊಂಡು ಮೊಸರನ್ನ ಮುಗಿಸಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಸುಧಾರಣೆಯವರು ಸೋತರೆಂದು ಫಲಿತಾಂಶ ಬಂದ ಮೇಲೆ ಟಿವಿಯಲ್ಲಿ ಲಾಠಿ ಕಂಡಿತು. ಹಸಿರು ಕಟ್ಟಿದ ಕೈಗಳನ್ನೇ ಹಿಡಿದು ಎಳೆಯುತ್ತಿದ್ದರು. ಆಗಲೇ ನನಗೆ ಹೊಳೆದದ್ದು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಎನ್ನುತ್ತಾರಲ್ಲ, ನಾನು ತಮ್ಮನ ಕೈಗೆ ಹಗ್ಗ ಹೊಲಿದು ಕಳಿಸಿದ್ದೆ. ಮಶ್ಹದ್ ಮುಟ್ಟುವ ತನಕ ಬಿಚ್ಚಬೇಡ ಎಂದು ಚೀಟಿ ಬೇರೆ ಇಟ್ಟಿದ್ದೆ. ಅವನು ನನ್ನ ಮಾತು ಮೀರುವವನಲ್ಲ, ನನಗಿದ್ದ ಭಯವೂ ಅದೇ.

ಫೋನ್ ಸಿಗಲಿಲ್ಲ. ಸಿಕ್ಕರೂ ಏನು ಹೇಳುವುದು? ಹಸಿರು ಎಂಬ ಮಾತನ್ನು ಲೈನಿನಲ್ಲಿ ಯಾರಾದರೂ ಕದ್ದು ಕೇಳಿಸಿಕೊಂಡರೆ? ಮೂರು ದಿನ ಡ್ರೈವ್ ಮಾಡುವಾಗಲೂ ಅದೇ ಯೋಚನೆ. ಎರಡು ಸಲ ಎಕ್ಸಿಟ್ ತಪ್ಪಿಸಿಕೊಂಡೆ. ನಾಲ್ಕನೆಯ ದಿನ ಆಂಟಿ ನಮ್ಮ ಮನೆಗೆ ಬಂದು ಕೂತರು. ಟೆಹ್ರಾನಿನ ಕಾಲೇಜಿನಲ್ಲಿದ್ದ ಅವರ ತಂಗಿಯ ಮಗನ ಸುದ್ದಿಯೂ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು.

"ಅಕ್ಕಾ, ಮಶ್ಹದ್‌ಗೆ ಬಂದಿದೀನಿ."

ಮನೆಯಲ್ಲಿ ನಾವು ಉರ್ದು ಮಾತಾಡುವವರು. ಅವತ್ತು ಅವನು ಕನ್ನಡದಲ್ಲೇ ಶುರು ಮಾಡಿದ. ಕದ್ದು ಕೇಳುವವರಿಗೆ ಉರ್ದು ಅರ್ಧಂಬರ್ಧ ತಿಳಿದೀತು, ಕನ್ನಡ ಯಾರಿಗೆ ಗೊತ್ತು.

"ತೋಳಿಂದು?" ಎಂದೆ.

"ಬಸ್ಸಲ್ಲೇ ಬಿಚ್ಚಿಬಿಟ್ಟೆ. ಪಕ್ಕದಲ್ಲಿ ಒಬ್ಬ ಸ್ಟೂಡೆಂಟ್ ಕೂತಿದ್ದ, ಟೆಹ್ರಾನಿನವನು. ಮುಂದೆ ಚೆಕಿಂಗ್ ಇದೆ, ತೆಗೆದುಬಿಡು ಅಂತ ಅವನೇ ಹೇಳಿದ್ದು. ತನ್ನ ಕೈ ಪಟ್ಟಿ ಮಾತ್ರ ತೆಗೀಲಿಲ್ಲ. ಚೆಕಿಂಗ್‌ನವರು ಅವನನ್ನ ಇಳಿಸ್ಕೊಂಡು ಹೋದ್ರು ಅಕ್ಕಾ."

"ನೀನೇನ್ ಮಾಡ್ದೆ?"

"ಕಿಟಕಿ ಕಡೆ ನೋಡ್ತಾ ಕೂತಿದ್ದೆ."

ಅವನು ಅಳುತ್ತಿದ್ದ. ನಾನು ಅಳಲಿಲ್ಲ. ಹೋದವನು ಬೇರೆ ಯಾರೋ, ನಮ್ಮವನಲ್ಲ ಎಂದು ಮನಸ್ಸು ಕುಣಿಯಿತು. ಅಲ್‌ಹಮ್ದುಲಿಲ್ಲಾ ಎಂದು ಗಟ್ಟಿಯಾಗಿಯೇ ಅಂದೆ.

ನಮ್ಮ ಮಾತಿನಲ್ಲಿ ಆಂಟಿಗೆ ತಿಳಿದದ್ದು ಅದೊಂದೇ ಪದ. ಫೋನ್ ಇಟ್ಟ ಕೂಡಲೇ ಎದ್ದು ಬಂದು ನನ್ನ ಹಣೆಗೆ ಮುತ್ತಿಟ್ಟರು. ಮತ್ತೇನು ಹೇಳಿದ, ಟೆಹ್ರಾನಿನ ಹುಡುಗರನ್ನು ಯಾರನ್ನಾದರೂ ನೋಡಿದನಾ ಎಂದು ಕೇಳಿದರು.

"ಇಲ್ಲ ಆಂಟಿ, ಬಸ್ಸಲ್ಲಿ ನಿದ್ದೆ ಮಾಡಿಬಿಟ್ಟನಂತೆ" ಎಂದೆ.