ನಳದ ಗುಂಡಿಗೆ ಹಾಕದ ಬೂಚು

ಮೆಕ್ಕೆಜೋಳದ ದಿಂಡಿಗೆ ಹಳೇ ಬಟ್ಟೆ ಸುತ್ತಿ ಕೊಳವೆಯ ಬಾಯಿಗೆ ತುರುಕುವುದು ಎಷ್ಟು ಹೊತ್ತಿನ ಕೆಲಸ? ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಬೇಡ. ಮನೆಯಲ್ಲಿ ಕುಳಿತು ಓಣಿಯವರ ರವಿಕೆ ಹೊಲಿಯುವ ನಾನು ದಿನಕ್ಕೆ ಹತ್ತಾರು ಸಲ ದಾರ ಪೋಣಿಸುತ್ತೇನೆ. ಆದರೆ ಆ ದಿಂಡು ತುರುಕುವ ಕೆಲಸವನ್ನು ಕಳೆದ ಮಳೆಗಾಲದಲ್ಲಿ ವಾರಗಟ್ಟಲೆ ಮಾಡಲಿಲ್ಲ. ಮರೆತೆ ಎನ್ನಬಹುದಿತ್ತು. ಆದರೆ ನಳ ಬರುವ ದಿನ ಎಲ್ಲರಿಗಿಂತ ಮೊದಲೆದ್ದು ಕೊಡಗಳನ್ನು ಸಾಲಾಗಿ ಇಡುವುದನ್ನು ನಾನು ಒಂದು ದಿನವೂ ಮರೆತವಳಲ್ಲ. ನನ್ನ ಮರೆವು ಬಹಳ ಶಾಣ್ಯಾ. ಯಾವುದನ್ನು ಮರೆಯಬೇಕೆಂಬುದು ಅದಕ್ಕೆ ಚೆನ್ನಾಗಿ ನೆನಪಿರುತ್ತದೆ.

ರಾಣೇಬೆನ್ನೂರಿನ ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ನೀರು ಬಿಡುವವನ ಮನಸ್ಸು ಮುದುಡಿದ್ದರೆ ಹತ್ತು ದಿನಕ್ಕೊಮ್ಮೆ. ಓಣಿ ಇಳಿಜಾರಾಗಿದೆ. ಮೇಲಿನ ತುದಿಗೆ ನಮ್ಮ ಮನೆ, ಕೆಳಗಿನ ತುದಿಗೆ ನಮ್ಮಕ್ಕ ಗಿರಿಜಕ್ಕನ ಮನೆ. ಹಬ್ಬಕ್ಕೆ ಕರೆಯಲು ಬಂದಾಗ ಒಂದೇ ಸುತ್ತಿಗೆ ಮುಗಿಯಲೆಂದು ಅಪ್ಪ ಇಬ್ಬರನ್ನೂ ಒಂದೇ ಓಣಿಗೆ ಕೊಟ್ಟನೆಂದು ನನ್ನ ಗುಮಾನಿ. ಮೇಲಿನ ಮನೆಗಳಿಗೆ ನೀರು ಏರುವುದೇ ಕಷ್ಟ. ಅದಕ್ಕೇ ನಾವು ನಲ್ಲಿಯನ್ನು ಕಿತ್ತುಹಾಕಿ, ನೆಲ ಅಗೆದು, ಕೊಳವೆಯನ್ನು ಕೆಳಗೇ ಕತ್ತರಿಸಿ, ಗುಂಡಿಯಲ್ಲಿ ಇಳಿದು ನೀರು ಹಿಡಿಯುತ್ತೇವೆ. ಎಷ್ಟು ಕೆಳಗೆ ಹೋದರೆ ನೀರು ಅಷ್ಟು ಜೋರು. ನಮ್ಮ ಗುಂಡಿ ನನ್ನ ಸೊಂಟದಷ್ಟು ಆಳ. ಪಕ್ಕದಲ್ಲೇ ಗಟಾರ. ಹಿಡಿದಾದ ಮೇಲೆ ಕೊಳವೆಗೆ ಆ ದಿಂಡಿನ ಬೂಚು ಹಾಕಬೇಕು. ಕೈಗೆ ಕೆಸರಾಗುತ್ತದೆ, ಗಿರಾಕಿಯ ಬಟ್ಟೆಗೆ ಹತ್ತುತ್ತದೆ ಎಂದು ನಾನು ಹಾಕುತ್ತಿರಲಿಲ್ಲ. ನನ್ನ ಕೊಡ ತುಂಬಿದ ಮೇಲೂ ನೀರು ಸುಮ್ಮನೆ ಗುಂಡಿ ತುಂಬಿ ಗಟಾರಕ್ಕೆ ಹರಿಯುತ್ತಿತ್ತು.

ಗುಂಡಿಯ ಮೇಲೆ ನಮಗೆ ಹುಟ್ಟಾ ನಂಬಿಕೆ. ನಮ್ಮ ತವರು ಗಳಗನಾಥ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಊರು. ಎದುರಿಗೇ ಹೊಳೆ ಹರಿಯುತ್ತಿದ್ದರೂ ಅವ್ವ ಕುಡಿಯುವ ನೀರಿಗೆ ಅದರಲ್ಲಿ ಕೊಡ ಮುಳುಗಿಸುತ್ತಿರಲಿಲ್ಲ. ದಂಡೆಯ ಉಸುಕಿನಲ್ಲಿ ಒರತೆ ತೋಡಿಸುತ್ತಿದ್ದಳು. ಅಕ್ಕ ತೋಡುವವಳು, ನಾನು ತೆಂಗಿನ ಚಿಪ್ಪಿನಿಂದ ಮೊಗೆಯುವವಳು. ಮೊದಲು ಬಂದ ರಾಡಿಯನ್ನು ಚೆಲ್ಲಿ, ಮತ್ತೆ ಚೆಲ್ಲಿ, ತಿಳಿಯಾದ ಮೇಲೆ ತುಂಬಿಕೊಳ್ಳುತ್ತಿದ್ದೆವು. ಉಸುಕು ನೀರನ್ನು ಸೋಸುತ್ತದೆ ಎಂದು ಏಳನೇ ಇಯತ್ತೆಯಲ್ಲಿ ಮಾಸ್ತರು ಚಿತ್ರ ಬರೆಸಿದಾಗ, ಇದನ್ನು ನಮ್ಮವ್ವ ಮೊದಲೇ ಹೇಳಿದ್ದಾಳೆಂದು ನಾನು ಹೆಮ್ಮೆಯಿಂದ ಕುಳಿತಿದ್ದೆ. ಆ ವರ್ಷಕ್ಕೇ ನನ್ನ ಶಾಲೆ ಮುಗಿಯಿತು. ಹೊಳೆಯ ಉಸುಕಿನ ಗುಂಡಿ ಬೇರೆ, ಗಟಾರದ ಪಕ್ಕದ ಗುಂಡಿ ಬೇರೆ ಎಂಬುದು ಎಂಟನೇ ಇಯತ್ತೆಯ ಪಾಠದಲ್ಲಿತ್ತೋ ಏನೋ, ನನಗಂತೂ ಸಿಗಲಿಲ್ಲ.

ನಳ ಬಂದ ದಿನ ನಮ್ಮ ಓಣಿಯನ್ನು ನೋಡಬೇಕು, ತಲೆ ಚಚ್ಚಿಕೊಳ್ಳುವ ಹಾಗಿರುತ್ತದೆ. ವಾರವಿಡೀ ನೀರಿಲ್ಲವೆಂದು ಕಂಡವರನ್ನೆಲ್ಲ ಬೈದವರು, ಹೊಸ ನೀರು ಬಂತೆಂದ ಕೂಡಲೇ ಒಳಗಿದ್ದ ಅರ್ಧ ಹಂಡೆ ಒಳ್ಳೆಯ ನೀರನ್ನು ಎತ್ತಿ ತಂದು ಗಟಾರಕ್ಕೆ ಸುರಿಯುತ್ತಾರೆ. ಯಾಕೆಂದರೆ ಅದು ‘ಹಳೇ ನೀರು’. ಕೆರೆಯಲ್ಲಿ ವರ್ಷಗಟ್ಟಲೆ ನಿಂತಾಗ ಅದಕ್ಕೆ ಮುಪ್ಪು ಬರುವುದಿಲ್ಲ. ನಮ್ಮ ಹಂಡೆಗೆ ಬಂದು ವಾರ ಕಳೆಯುವುದರೊಳಗೆ ಅದು ಮುದುಕನಾಗುತ್ತದೆ. ಆಮೇಲೆ ಕಟ್ಟೆ ತೊಳೆಯುವುದು, ಬೈಕು ತೊಳೆಯುವುದು, ಅದೂ ಸಾಲದೆ ಡಾಂಬರು ರಸ್ತೆಗೆ ಜಳಕ. ನನ್ನ ಗಂಡ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಗಾಡಿ ಹೊಡೆಯುತ್ತಾನೆ. ಆ ಗಾಡಿಯ ಗಾಲಿಗಳಿಗೂ ನಾನು ಅಭಿಷೇಕ ಮಾಡಿದವಳೇ.

ಇಡೀ ಓಣಿಯಲ್ಲಿ ಹಳೇ ನೀರು ಚೆಲ್ಲದವಳು ಗಿರಿಜಕ್ಕ ಒಬ್ಬಳೇ. ಹಂಡೆಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ತಾಟು ಮುಚ್ಚಿ, ಉದ್ದ ಹಿಡಿಕೆಯ ಸೌಟಿನಿಂದಲೇ ನೀರು ತೆಗೆಯುತ್ತಾಳೆ. ಯಾರ ಬೆರಳೂ ಅದಕ್ಕೆ ತಾಗುವ ಹಾಗಿಲ್ಲ. ವಾರದ ಕೊನೆಗೆ ಉಳಿದದ್ದು ಜಳಕಕ್ಕೆ, ಅಕ್ಕಿ ತೊಳೆದದ್ದು ಕರಿಬೇವಿಗೆ. ನನಗೆ ಚೇಷ್ಟೆ.

“ಅಕ್ಕಾ, ನಿನ್ನ ಹಂಡ್ಯಾಗಿನ ನೀರಿಗೆ ಲಗ್ನದ ವಯಸ್ಸಾತು, ವರ ನೋಡು” ಅನ್ನುತ್ತಿದ್ದೆ.

“ನಿಂದು ಓಡಿಹೋಗಿ ಗಟಾರದ ಜೋಡಿ ಲಗ್ನಾ ಆಗೇತಲ್ಲ, ಮೊದಲ ಅದನ್ನ ನೋಡ್ಕೋ” ಅನ್ನುತ್ತಿದ್ದಳು.

ಮಳೆ ಹಿಡಿದ ಮೇಲೆ ಗಟಾರ ಉಕ್ಕಿ ನಮ್ಮ ಗುಂಡಿಗೆ ಇಳಿಯತೊಡಗಿತು. ಅದನ್ನು ಡಬ್ಬಿಯಿಂದ ಎತ್ತಿ ಚೆಲ್ಲುವುದು ನನ್ನ ಪಾಲಿನ ಶಿಕ್ಷೆ. ಆದರೆ ಒಂದು ದಿನ, ನಳದ ನೀರು ನಿಂತ ಸ್ವಲ್ಪ ಹೊತ್ತಿಗೆ ಕೊಳವೆ ಗೊಳಗೊಳ ಸದ್ದು ಮಾಡಿತು. ಆಮೇಲೆ ನೋಡಿದರೆ ಗುಂಡಿ ಖಾಲಿ. ನನಗೆ ಖುಷಿಯೋ ಖುಷಿ. ಭೂಮಿತಾಯಿ ಕುಡಿದಳು, ನನ್ನ ಸೊಂಟ ಉಳಿಯಿತು ಎಂದುಕೊಂಡೆ. ಮುಂದಿನ ವಾರವೂ ಹಾಗೇ ಆಯಿತು. ಪುಕ್ಕಟೆ ಆಳು ಸಿಕ್ಕಂತಾಯಿತು.

ಅದೇ ವಾರ ಅಕ್ಕನ ಅತ್ತೆಗೆ ವಾಂತಿ-ಭೇದಿ ಹತ್ತಿತು. ಪೇಟೆಯ ಫಿಲ್ಟರ್ ನೀರು ಸಪ್ಪಗಿರುತ್ತದೆಂದು ಆ ಮುದುಕಿ ನಳದ ನೀರನ್ನೇ ಕುಡಿಯುವವಳು. ಹಾವೇರಿಯ ದವಾಖಾನೆಗೆ ಒಯ್ದು ಮೂರು ದಿನ ಸಲಾಯಿನ್ ಹಚ್ಚಬೇಕಾಯಿತು. ಬದುಕಿ ಮನೆಗೆ ಬಂದವಳು ಕಟ್ಟೆಯ ಮೇಲೆ ಕುಳಿತು, ನೋಡಲು ಬಂದವರಿಗೆಲ್ಲ ಒಂದೇ ಕತೆ ಹೇಳಿದಳು.

“ಹಳೇ ನೀರು ಕೂಡಿಟ್ಟು ಕೂಡಿಟ್ಟು ನನ್ನ ಹೊಟ್ಟಿಗೆ ಹಾಕಿದ್ಲವ್ವ ನನ್ನ ಸೊಸಿ. ನೀರಿನಾಗೂ ಜಿಪುಣತನಾ ಮಾಡ್ತಾರೇನು?”

ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನೂ ಅಲ್ಲೇ ಕುಳಿತಿದ್ದೆ. ಇರಬಹುದು ಎಂದು ನನಗೂ ಅನ್ನಿಸಿತು.

ಮುಂದಿನ ನೀರಿನ ದಿನ, ನೀರು ಬಿಡುವವನು ನಮ್ಮ ಗುಂಡಿಯನ್ನು ಬಗ್ಗಿ ನೋಡಿದ.

“ಏನ್ರಿ ಅಕ್ಕಾರ, ಬೂಚು ಎಲ್ಲೈತ್ರಿ?”

“ಯಾಕಪಾ, ಗುಂಡಿ ತಾನ ಬತ್ತತೈತಿ.”

“ಬತ್ತಾಕ ಅದೇನು ಹೊಲಾ ಏನ್ರಿ? ನೀರು ನಿಂತ ಮ್ಯಾಲೆ ಕೊಳವಿ ಒಳಗ ಜಗ್ಗತೈತಿ. ಗುಂಡ್ಯಾಗಿನ ರಾಡಿ ಎಲ್ಲಾ ಕೆಳಗಿನ ಮನಿಗೆ ಹೊಕ್ಕೈತಿ. ತುದೀ ಮನೀ ಮುದುಕಿಗೆ ಆರಾಮಿದ್ದಿಲ್ಲಂತಲ್ಲ, ಮತ್ತೇನಾಗಬೇಕಿತ್ತು?”

ಅವನು ಹೋದ ಕೂಡಲೇ ನಾನು ಬೂಚು ಹಾಕಿದೆ. ಎರಡು ಸುತ್ತು ಹೆಚ್ಚಿಗೆ ಬಟ್ಟೆ ಸುತ್ತಿಯೇ ಹಾಕಿದೆ. ಆದರೆ ಬಾಯಿಗೂ ಅದೇ ಬೂಚು ಬಿತ್ತು. ಇನ್ನು ಮುಂದೆ ಸರಿಯಾಗಿರುತ್ತದಲ್ಲ, ಹೇಳಿ ಏನು ಬಂತು ಎಂದುಕೊಂಡೆ. ತಪ್ಪನ್ನು ಸರಿಪಡಿಸುವುದು ಎಷ್ಟು ಸುಲಭ. ತಪ್ಪು ನನ್ನದೆನ್ನುವುದಿದೆಯಲ್ಲ, ಅದಕ್ಕೆ ಗಂಟಲಿನಲ್ಲಿ ನೀರೇ ಏರುವುದಿಲ್ಲ. ದಿನಾ ಸಂಜೆ ಅಕ್ಕನ ಮನೆಗೆ ಹೋಗಿ ಚಹಾ ಕುಡಿದೆ. ಅದೇ ಹಂಡೆಯ ನೀರಿನ ಚಹಾ. ಅತ್ತೆ ಬೈಯುತ್ತಿದ್ದಳು, ಅಕ್ಕ ಕೇಳುತ್ತಿದ್ದಳು, ನಾನು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದೆ.

ಹೀಗೆ ಎರಡು ಸಲ ನೀರು ಬಂದು ಹೋಯಿತು. ಮೂರನೇ ಸಲ ನಮ್ಮ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದೆ. ಗಿರಿಜಕ್ಕ ಎರಡೂ ಕೈಯಿಂದ ಹಂಡೆ ಎತ್ತಿಕೊಂಡು ಹೊರಗೆ ಬಂದಳು. ಬಿಳಿ ಬಟ್ಟೆ ಬಿಚ್ಚಿದಳು. ಸೋಸಿಟ್ಟ ನೀರನ್ನು ಗಟಾರಕ್ಕೆ ಬಗ್ಗಿಸಿದಳು. ಕಟ್ಟೆಯ ಮೇಲಿನ ಅತ್ತೆ, “ಈಗ ಬುದ್ಧಿ ಬಂತು ನೋಡ” ಎಂದದ್ದು ನನಗೂ ಕೇಳಿಸಿತು. ನಾನಾದರೆ ಹಂಡೆಯನ್ನೇ ಎತ್ತಿ ಎಸೆಯುತ್ತಿದ್ದೆ. ಅಕ್ಕ ಎರಡನೆಯ ಹಂಡೆ ತರಲು ಒಳಗೆ ಹೋದಳು. ಓಣಿಗೆಲ್ಲ ಇದ್ದ ಒಂದೇ ಒಂದು ಶಾಣ್ಯಾತನವನ್ನು ನಾನು ಹೊಲಸು ಮಾಡಿ ಗಟಾರಕ್ಕೆ ಹಚ್ಚಿದ್ದೆ.

ನಾನು ತುಂಬುತ್ತಿದ್ದ ಕೊಡವನ್ನು ಬಿಟ್ಟು ಇಳಿಜಾರಿನಲ್ಲಿ ಓಡಿದೆ. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಹಂಡೆಯ ಕಂಠ ಹಿಡಿದೆ.

“ಬಿಡು, ಸೀರಿ ತೋಯಿಸ್ಕೊಂತೀ” ಎಂದಳು ಅಕ್ಕ.

“ನಿನಗೇನಾತ ಹುಡುಗಿ, ಚೆಲ್ಲಲಿ ಬಿಡು. ಹಳೇ ನೀರದು” ಎಂದಳು ಅತ್ತೆ.

ಅಕ್ಕಪಕ್ಕದ ಗುಂಡಿಗಳಿಂದ ನಾಲ್ಕು ತಲೆ ಮೇಲೆದ್ದವು. ಒಳಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ಆದರೆ ಅಕ್ಕನನ್ನು ಬೈದದ್ದು ಕಟ್ಟೆಯ ಮೇಲೆ.

“ಯವ್ವಾ, ನೀರು ಹಳೇದಲ್ಲ. ನಮ್ಮ ಗುಂಡಿಗೆ ನಾ ಬೂಚು ಹಾಕಿದ್ದಿಲ್ಲ. ಗಟಾರದ ರಾಡಿ ಅಲ್ಲಿಂದ ನಿಮ್ಮ ಮನಿಗೆ ಬಂತು. ನಿಮ್ಮನ್ನ ದವಾಖಾನ್ಯಾಗ ಮಲಗಿಸಿದಾಕಿ ನಾನು. ಗೊತ್ತಾದ ಮ್ಯಾಲೂ ಬಾಯಿ ಮುಚಗೊಂಡು ಇಲ್ಲೇ ಚಾ ಕುಡದೇನಿ. ಅಕ್ಕಾ, ನೀ ಮಾಡಿದ್ದು ಎಲ್ಲಾ ಬರೋಬರಿ ಇತ್ತು. ನಂದು ತಪ್ಪಾತು.”